ಗೇಮ್ ಕನ್ಸೋಲ್‌ಗೂ ಒಂದು ಪತ್ತನಾಜೆ

ಜೂನ್ ತಿಂಗಳಲ್ಲಿ ನಾಲ್ಕು ದಿನ ಬಿಡದೆ ಸುರಿದ ಮಳೆಗೆ ಮಂಗಳೂರಿನ ಕುಲಶೇಖರದ ನಮ್ಮ ಹಳೆಯ ಮನೆಯ ಹಂಚೊಂದು ಸರಿಯಿತು. ಅಟ್ಟದಲ್ಲಿದ್ದ ಪೆಟ್ಟಿಗೆಗಳನ್ನೆಲ್ಲ ಕೆಳಗಿಳಿಸಬೇಕಾಯಿತು. ಅವುಗಳಲ್ಲೊಂದರಲ್ಲಿ, ಅಮ್ಮನ ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ಎರಡು ಯಂತ್ರಗಳು ಸಿಕ್ಕವು.

ಒಂದು, ತೊಂಬತ್ತರ ದಶಕದಲ್ಲಿ ಅಪ್ಪ ಹಂಪನಕಟ್ಟೆಯಿಂದ ತಂದದ್ದು. ಅದನ್ನು ನಾವು ‘ವಿಡಿಯೊ ಗೇಮ್’ ಎಂದಷ್ಟೇ ಕರೆಯುತ್ತಿದ್ದೆವು. ಅದು ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಎಂಬ ಯಂತ್ರದ ನಕಲು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಜೊತೆಗಿದ್ದ ಹಳದಿ ಕ್ಯಾಸೆಟ್ಟಿನ ಮೇಲೆ ‘9999999 ಇನ್ 1’ ಎಂಬ ಹಸಿ ಸುಳ್ಳು ಅಚ್ಚಾಗಿದೆ. ಎಣಿಸಿದರೆ ಇಪ್ಪತ್ತು ಆಟಗಳೂ ಇಲ್ಲ. ಅದೇ ಆಟ ಬೇರೆ ಬೇರೆ ಹಂತದಿಂದ ಶುರುವಾಗಿ ಹೊಸ ಹೆಸರು ಹೊತ್ತುಕೊಂಡು ಬರುತ್ತದೆ. ಎರಡನೆಯದು, ಚಿಕ್ಕಪ್ಪ ದುಬೈಯಿಂದ ರಜೆಗೆ ಬರುವಾಗ ತಂದ ಅಸಲಿ ಕನ್ಸೋಲ್. ಯಾವ ಕಂಪನಿಯದು ಎಂಬುದು ಈ ಕಥೆಗೆ ಬೇಕಿಲ್ಲ.

ಅಂದು ಜಿಲ್ಲಾಧಿಕಾರಿಗಳು ಶಾಲೆಗಳಿಗೆ ಮಳೆಯ ರಜೆ ಸಾರಿದ್ದರಿಂದ ಅಕ್ಕನ ಮಗನೂ ಮನೆಯಲ್ಲೇ ಇದ್ದ. ಕ್ಯಾಸೆಟ್ಟಿನ ಬಾಯಲ್ಲಿರುವ ತಾಮ್ರದ ಪಟ್ಟಿಗಳಿಗೆ ಹಸಿರು ಕಿಲುಬು ಹತ್ತಿತ್ತು. ಅವನು ಬಾಯಿಯಿಂದ ಊದಲು ಹೊರಟ, ನಾನು ತಡೆದೆ. ನಾವೆಲ್ಲ ಚಿಕ್ಕಂದಿನಲ್ಲಿ ಊದಿಯೇ ಆಡಿದವರು, ಆದರೆ ಕಿಲುಬಿಗೆ ನೀರುಣಿಸಿದ್ದು ಆ ಎಂಜಲೇ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಪಟ್ಟಿಗಳನ್ನು ಒಂದೊಂದಾಗಿ ಉಜ್ಜಿ, ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿ, ಟಿವಿಯ ಹಿಂದೆ ಹಳದಿ ಪಿನ್ನು ಚುಚ್ಚಿದೆವು. ಮೂರನೆಯ ಸಲಕ್ಕೆ ಪರದೆ ನೀಲಿಯಾಯಿತು, ಸಂಗೀತ ಕೇಳಿಸಿತು. ಬಾತುಕೋಳಿಗೆ ಗುಂಡು ಹೊಡೆಯುವ ಪಿಸ್ತೂಲು ಮಾತ್ರ ಕೆಲಸ ಮಾಡಲಿಲ್ಲ. ಅದರ ಕಣ್ಣು ಹಳೆಯ ದಪ್ಪ ಟಿವಿಯ ಬೆಳಕಿನ ಮಿಣುಕಿಗೆ ಹೊಂದಿಸಿದ್ದು. ಚಪ್ಪಟೆ ಟಿವಿಯ ಮುಂದೆ ಅದು ಕುರುಡು.

ಆಮೇಲೆ ದುಬೈಯ ಯಂತ್ರ. ದೀಪ ಹೊತ್ತಿತು, ಫ್ಯಾನ್ ತಿರುಗಿತು, ಕೊಂಡು ಇಳಿಸಿಕೊಂಡಿದ್ದ ಆಟಗಳ ಪಟ್ಟಿಯೂ ಕಂಡಿತು. ತೆರೆಯಲು ಹೋದರೆ ಖಾತೆಗೆ ಪ್ರವೇಶಿಸಿ ಎಂದಿತು. ಚಿಕ್ಕಪ್ಪನಿಗೆ ಫೋನು ಮಾಡಿದರೆ, ಖಾತೆ ತೆರೆದದ್ದು ಆಗಿನ ಕಚೇರಿಯ ಇಮೇಲಿನಿಂದ. ಆ ಕೆಲಸ ಬಿಟ್ಟು ಹತ್ತು ವರ್ಷವಾಗಿತ್ತು. ತಪ್ಪು ಯಾರದ್ದೂ ಅಲ್ಲ, ನಮ್ಮದೇ. ಆದರೆ ಹುಡುಗ ಕೇಳಿದ ಪ್ರಶ್ನೆ ನನ್ನ ತಲೆಯಲ್ಲೇ ಉಳಿಯಿತು: ‘ಮಾವ, ನಕಲಿಯದ್ದು ನಡೆಯುತ್ತದೆ, ಅಸಲಿಯದ್ದು ಏಕೆ ನಡೆಯುವುದಿಲ್ಲ?’

ಈ ಪ್ರಶ್ನೆ ಜಗತ್ತಿನಾದ್ಯಂತ ಈಗ ಇನ್ನೊಂದು ರೂಪದಲ್ಲಿ ಚರ್ಚೆಯಾಗುತ್ತಿದೆ. ಸೋನಿ, ನಿಂಟೆಂಡೊ, ಮೈಕ್ರೋಸಾಫ್ಟ್ ಕಂಪನಿಗಳು ತಮ್ಮ ಹಳೆಯ ಕನ್ಸೋಲ್‌ಗಳಿಗೆ ಎಷ್ಟು ಕಾಲ ಬೆಂಬಲ ಕೊಡಬೇಕು? ‘ಎಂದೆಂದಿಗೂ’ ಎನ್ನುವವರೂ ಇದ್ದಾರೆ, ‘ಹೊಸದು ಕೊಳ್ಳಿ, ಅಷ್ಟೇ’ ಎನ್ನುವವರೂ ಇದ್ದಾರೆ. ಇಬ್ಬರ ಜಗಳ ಬಗೆಹರಿಯದಿರುವುದು, ‘ಬೆಂಬಲ’ ಎಂಬ ಒಂದೇ ಪದದೊಳಗೆ ಐದು ಬೇರೆ ಬೇರೆ ಕೆಲಸಗಳನ್ನು ತುರುಕಿರುವುದರಿಂದ. ಕೆಟ್ಟರೆ ರಿಪೇರಿ ಮಾಡಿಕೊಡುವುದು, ಯಂತ್ರದ ತಂತ್ರಾಂಶಕ್ಕೆ ಅಪ್‌ಡೇಟ್ ಕೊಡುವುದು, ಆನ್‌ಲೈನ್ ಅಂಗಡಿಯನ್ನು ತೆರೆದಿಡುವುದು, ಹಲವರು ಕೂಡಿ ಆಡುವ ಸರ್ವರ್ ನಡೆಸುವುದು, ಹಳೆಯ ಆಟ ಹೊಸ ಯಂತ್ರದಲ್ಲಿ ಓಡುವಂತೆ ಮಾಡುವುದು: ಒಂದೊಂದರ ಖರ್ಚು ಬೇರೆ, ಕಷ್ಟ ಬೇರೆ, ನ್ಯಾಯವೂ ಬೇರೆ.

ರಿಪೇರಿಯ ವಿಚಾರದಲ್ಲಿ ಕಂಪನಿಗಳನ್ನು ನಾನು ಹೆಚ್ಚು ದೂರುವುದಿಲ್ಲ. ನಿಂಟೆಂಡೊ ಫ್ಯಾಮಿಕಾಮ್ ತಯಾರಿಕೆಯನ್ನು ನಿಲ್ಲಿಸಿದ್ದು 2003ರಲ್ಲಿ. ಜಪಾನಿನಲ್ಲಿ ಅದರ ರಿಪೇರಿಯನ್ನು 2007ರ ಅಕ್ಟೋಬರ್‌ವರೆಗೂ ಮಾಡಿಕೊಡುತ್ತಿತ್ತು. ಯಂತ್ರ ಬಂದು 24 ವರ್ಷಗಳ ಮೇಲೆ! ನಿಲ್ಲಿಸಿದ್ದೂ ಬಿಡಿಭಾಗ ಸಿಗದೆ. ಸೋನಿ ತನ್ನ ಪ್ಲೇಸ್ಟೇಷನ್ 2ಕ್ಕೆ ಜಪಾನಿನಲ್ಲಿ ರಿಪೇರಿ ನಿಲ್ಲಿಸಿದ್ದು 2018ರಲ್ಲಿ. ಆ ಯಂತ್ರ ಬಂದದ್ದು 2000ನೇ ಇಸವಿಯಲ್ಲಿ. ನಮ್ಮ ಮಿಕ್ಸಿ, ಫ್ಯಾನುಗಳಿಗೆ ಇಷ್ಟು ವರ್ಷ ಕಂಪನಿಯ ಕೈ ಸಿಗುತ್ತದೆಯೇ ಎಂದು ಯೋಚಿಸಿ. ಕನ್ಸೋಲಿನ ಮುಖ್ಯ ಚಿಪ್ ಪೇಟೆಯಲ್ಲಿ ಬಿಡಿಯಾಗಿ ಸಿಗುವಂಥದ್ದಲ್ಲ. ಆ ಒಂದು ಯಂತ್ರಕ್ಕೆಂದೇ ಮಾಡಿಸಿದ್ದು. ಚಿಪ್ ಮಾಡುವ ಕಾರ್ಖಾನೆ ಹೊಸ ತಂತ್ರಕ್ಕೆ ಹೊರಳಿಕೊಂಡ ಮೇಲೆ ಹಳೆಯದನ್ನು ಸಾವಿರ ಸಂಖ್ಯೆಯಲ್ಲಿ ಮತ್ತೆ ಮಾಡಿಕೊಡಿ ಎಂದರೆ ಆಗುವ ಮಾತಲ್ಲ.

ಅದೂ ಅಲ್ಲದೆ, ನಮ್ಮ ಕರಾವಳಿಯಲ್ಲಿ ಯಂತ್ರವನ್ನು ಕೊಲ್ಲುವುದು ಚಿಪ್ಪಿನ ವಯಸ್ಸಲ್ಲ, ಗಾಳಿ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಮೀರಿ ಮಳೆ ಬೀಳುವ, ಸಮುದ್ರದ ಉಪ್ಪು ಕಿಟಕಿಯೊಳಗೆ ನುಗ್ಗುವ ಊರಿದು. ಕಂಕನಾಡಿಯ ಕಡೆ ನಾನು ಹೋಗುವ ರಿಪೇರಿ ಅಂಗಡಿಯವರು ದುಬೈಯ ಯಂತ್ರದ ಮುಚ್ಚಳ ಬಿಚ್ಚಿ ತೋರಿಸಿದರು. ಡಿಸ್ಕ್ ಓದುವ ಲೆನ್ಸಿನ ಮೇಲೆ ಜೇಡರ ಬಲೆಯ ತುಣುಕಿನಂತೆ ತೆಳ್ಳಗೆ ಬೂಷ್ಟು. ಫ್ಯಾನಿನ ರೆಕ್ಕೆಗಳಿಗೆ ಧೂಳು ಹಸಿಯಾಗಿ ಅಂಟಿ ಹಿಟ್ಟಿನ ಹಾಗೆ ಕೂತಿತ್ತು. ಪ್ರೊಸೆಸರ್ ಮತ್ತು ಬಿಸಿ ಹೀರುವ ಲೋಹದ ನಡುವಿನ ಪೇಸ್ಟ್ ಒಣಗಿ ಸುಣ್ಣದ ಪುಡಿಯಾಗಿತ್ತು. ‘ಇದಕ್ಕೆ ಕಂಪನಿ ಏನು ಮಾಡಬೇಕು ಮಾರಾಯರೆ? ತಿಂಗಳಿಗೆ ಎರಡು ಸಲ ಒಂದು ಗಂಟೆ ಹಾಕಿ ಬಿಟ್ಟರೆ ಸಾಕು, ತನ್ನ ಬಿಸಿಗೆ ತಾನೇ ಒಣಗುತ್ತದೆ’ ಎಂದರು ಅವರು. ಬೂಷ್ಟು ಒರೆಸಿ, ಪೇಸ್ಟ್ ಬದಲಿಸಿ, ತಾಯಿಹಲಗೆಯ (ಮದರ್‌ಬೋರ್ಡ್) ಮೇಲಿದ್ದ ನಾಣ್ಯದಂಥ ಬ್ಯಾಟರಿಯನ್ನೂ ಹೊಸದು ಹಾಕಿದರು.

ಕಂಪನಿ ಮಾಡದಿದ್ದರೆ ಬೇಡ, ಮಾಡುವವರಿಗೆ ಅಡ್ಡಿಯಾಗದಿರಲಿ: ರಿಪೇರಿಯ ಬಗ್ಗೆ ಕೇಳಬೇಕಾದದ್ದು ಇಷ್ಟೇ. ನಕ್ಷೆ ಕೊಡಲಿ, ಬಿಡಿಭಾಗವನ್ನು ಬೀಗ ಹಾಕಿದ ತಂತ್ರಾಂಶದಿಂದ ಯಂತ್ರಕ್ಕೆ ಕಟ್ಟಿಹಾಕದಿರಲಿ. ಆದರೆ ಕಾನೂನು ಕೂಡ ಕನ್ಸೋಲ್‌ಗಳನ್ನು ಮುದ್ದು ಮಾಡುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ 2024ರ ಜುಲೈಯಲ್ಲಿ ಜಾರಿಗೆ ಬಂದ ರಿಪೇರಿ ಹಕ್ಕಿನ ಕಾಯ್ದೆ ಫೋನು, ಲ್ಯಾಪ್‌ಟಾಪ್, ವಾಷಿಂಗ್ ಮಷಿನ್‌ಗಳನ್ನೆಲ್ಲ ಒಳಗೆ ತಂದು ಗೇಮ್ ಕನ್ಸೋಲ್‌ಗಳನ್ನು ಹೊರಗಿಟ್ಟಿತು. ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಜಾಲತಾಣ ತೆರೆದಾಗ ಗಮನವಿದ್ದದ್ದು ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತು ಮತ್ತು ವಾಹನಗಳ ಮೇಲೆ.

ಅಪ್‌ಡೇಟಿನ ಕಥೆ ಇದಕ್ಕಿಂತ ವಿಚಿತ್ರ. ಕ್ಯಾಸೆಟ್ಟಿನ ಕಾಲದಲ್ಲಿ ಆಟವೆಂದರೆ ಚಿಪ್ಪಿನಲ್ಲಿ ಬರೆದು ಮುಗಿಸಿದ ಮಾತು. ಅದನ್ನು ತಿದ್ದಲೂ ಬಾರದು, ಕೆಡಿಸಲೂ ಬಾರದು. ಈಗಿನ ಯಂತ್ರ ಮಾರಾಟವಾದ ಮೇಲೂ ಬದಲಾಗುತ್ತಲೇ ಇರುತ್ತದೆ. ಜಪಾನಿನಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ 3ರ ತಯಾರಿಕೆಯನ್ನು 2017ರಲ್ಲಿ ನಿಲ್ಲಿಸಿದರೂ ಆಮೇಲೂ ವರ್ಷಕ್ಕೊಮ್ಮೆ ಎಂಬಂತೆ ಅದಕ್ಕೆ ಅಪ್‌ಡೇಟ್ ಕೊಡುತ್ತ ಬಂದಿದೆ. ಹೊಸ ಸವಲತ್ತೇನೂ ಅದರಲ್ಲಿಲ್ಲ. ಬ್ಲೂ-ರೇ ಚಲನಚಿತ್ರಗಳ ಬೀಗ ತೆರೆಯುವ ಗುಪ್ತ ಕೀಲಿಯ ಅವಧಿ ಮುಗಿಯುವುದರಿಂದ ಅದನ್ನು ನವೀಕರಿಸಲೇಬೇಕು. ಅಂದರೆ, ಇಲ್ಲಿ ಬೆಂಬಲ ಒಂದು ಔದಾರ್ಯವಲ್ಲ. ಯಂತ್ರವನ್ನು ಅವಲಂಬಿಯಾಗಿ ಹುಟ್ಟಿಸಿದವರು ಹೊರಬೇಕಾದ ಹೊರೆ.

ಬೆಂಬಲದ ಹೆಸರಿನಲ್ಲಿ ಇದ್ದದ್ದನ್ನು ಕಿತ್ತುಕೊಂಡದ್ದೂ ಇದೆ. ಅದೇ ಪ್ಲೇಸ್ಟೇಷನ್ 3ರಲ್ಲಿ, ಕಂಪ್ಯೂಟರುಗಳಲ್ಲಿ ಬಳಸುವ ಲಿನಕ್ಸ್ ತಂತ್ರಾಂಶವನ್ನು ಓಡಿಸುವ ಅವಕಾಶವನ್ನು ಮೊದಲಿಗೆ ಹೆಮ್ಮೆಯಿಂದ ಕೊಟ್ಟ ಸೋನಿ 2010ರ ಏಪ್ರಿಲ್ 1ರಂದು ಒಂದು ಅಪ್‌ಡೇಟಿನಲ್ಲಿ ಅದನ್ನು ತೆಗೆದುಹಾಕಿತು. ಅಮೆರಿಕದಲ್ಲಿ ಗ್ರಾಹಕರು ನ್ಯಾಯಾಲಯದ ಮೆಟ್ಟಿಲು ಹತ್ತಿ ಪರಿಹಾರ ಪಡೆದರು. ಇನ್ನೊಂದು ಕಡೆ, ಅಪ್‌ಡೇಟ್ ಬೇಕೇ ಬೇಕು ಎನ್ನಿಸುವ ಪ್ರಸಂಗವೂ ಇದೆ. ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊದ 3ಡಿಎಸ್ ಯಂತ್ರದಲ್ಲಿ ಮಾರಿಯೊ ಕಾರ್ಟ್ 7 ಆಡುವಾಗ ಎದುರಾಳಿಯ ಯಂತ್ರವನ್ನೇ ದೂರದಿಂದ ವಶಪಡಿಸಿಕೊಳ್ಳಬಹುದಾದ ದೋಷ 2022ರಲ್ಲಿ ಬೆಳಕಿಗೆ ಬಂತು. 2011ರ ಆಟಕ್ಕೆ 2022ರ ಡಿಸೆಂಬರ್‌ನಲ್ಲಿ ಅಪ್‌ಡೇಟ್ ಬಂತು. ಬಾಗಿಲು ಬೀದಿಗೆ ತೆರೆದಿರುವಷ್ಟು ದಿನ ಕಾವಲುಗಾರನೊಬ್ಬ ಬೇಕು, ಅವನಿಗೆ ಸಂಬಳವೂ ಬೇಕು. ಕಂಪನಿಗಳು ಹಳೆಯ ಸರ್ವರ್ ಮುಚ್ಚಲು ಕೊಡುವ ಕಾರಣಗಳಲ್ಲಿ ನಾನು ಪೂರ್ತಿಯಾಗಿ ಒಪ್ಪುವ ಕಾರಣ ಇದೊಂದೇ.

ಈ ಇಡೀ ವಿಷಯವನ್ನು ಒಂದೇ ವಸ್ತುವಿನಲ್ಲಿ ತೋರಿಸಿ ಎಂದರೆ ನಾನು ಆ ನಾಣ್ಯದ ಬ್ಯಾಟರಿಯನ್ನು ತೋರಿಸುತ್ತೇನೆ. ಅದು ಗಡಿಯಾರ, ಕಾರಿನ ಕೀಲಿ ಎಲ್ಲದರಲ್ಲೂ ಇರುವ ಸಿಆರ್ 2032. ಯಾವ ಫ್ಯಾನ್ಸಿ ಅಂಗಡಿಯಲ್ಲೂ ಸಿಗುತ್ತದೆ. ಕನ್ಸೋಲಿನೊಳಗೆ ಅದರ ಕೆಲಸ, ಕರೆಂಟು ಇಲ್ಲದಾಗಲೂ ಗಡಿಯಾರ ನಡೆಸುವುದು. ಪ್ಲೇಸ್ಟೇಷನ್ 4ರಲ್ಲಿ ಈ ಬ್ಯಾಟರಿ ಸತ್ತು ಯಂತ್ರವು ಸಮಯ ಮರೆತರೆ, ಸೋನಿಯ ಸರ್ವರ್ ಕೇಳಿ ಸಮಯ ಸರಿಪಡಿಸಿಕೊಳ್ಳುವವರೆಗೆ ಕೈಯಲ್ಲಿರುವ ಡಿಸ್ಕಿನ ಆಟವೂ ಓಡುತ್ತಿರಲಿಲ್ಲ. ಆಟದಲ್ಲಿ ಗೆದ್ದ ‘ಟ್ರೋಫಿ’ಗಳ ದಿನಾಂಕದಲ್ಲಿ ಯಾರೂ ಮೋಸ ಮಾಡಬಾರದು ಎಂಬ ಎಚ್ಚರಿಕೆಯೇ ಇದಕ್ಕೆ ಕಾರಣವೆಂದು ಬಿಚ್ಚಿ ನೋಡಿದ ಬಳಕೆದಾರರು ಕಂಡುಕೊಂಡರು. ಯೋಚಿಸಿ: ಮುಂದೊಂದು ದಿನ ಸೋನಿ ಆ ಸರ್ವರ್ ನಿಲ್ಲಿಸಿದರೆ, ಆಮೇಲೆ ಬ್ಯಾಟರಿ ಸಾಯುವ ಪ್ರತಿ ಯಂತ್ರವೂ ಇಟ್ಟಿಗೆ. ಜಗತ್ತಿನ ಕೋಟ್ಯಂತರ ಯಂತ್ರಗಳ ಆಯುಷ್ಯ ಕೆಲವೇ ರೂಪಾಯಿಗಳ ನಾಣ್ಯಕ್ಕೂ ಯಾರದೋ ಕಚೇರಿಯ ಕಂಪ್ಯೂಟರಿಗೂ ತಗಲಿಹಾಕಿಕೊಂಡಿತ್ತು. ಗದ್ದಲವಾದ ಮೇಲೆ, 2021ರ ಸೆಪ್ಟೆಂಬರ್‌ನ 9.00 ಎಂಬ ಅಪ್‌ಡೇಟಿನಲ್ಲಿ ಸೋನಿ ಸದ್ದಿಲ್ಲದೆ ಈ ಕಟ್ಟನ್ನು ಬಿಚ್ಚಿತು. ಹಳೆಯ ಯಂತ್ರಕ್ಕೆ ಕೊಡಬಹುದಾದ ಅತ್ಯುತ್ತಮ ಬೆಂಬಲ ಯಾವುದು ಎಂದು ಕೇಳಿದರೆ ಆ ಅಪ್‌ಡೇಟೇ ನನ್ನ ಉತ್ತರ. ಅದು ಯಂತ್ರವನ್ನು ತಾಯಿಮನೆಯ ಹಂಗಿನಿಂದ ಬಿಡಿಸಿತು.

ಇನ್ನು ಅಂಗಡಿ. ನಿಂಟೆಂಡೊ ತನ್ನ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿಯನ್ನು 2023ರ ಮಾರ್ಚ್ 27ರಂದು ಮುಚ್ಚಿತು. ಮೈಕ್ರೋಸಾಫ್ಟ್ 2005ರ ಎಕ್ಸ್‌ಬಾಕ್ಸ್ 360ರ ಅಂಗಡಿಯನ್ನು 2024ರ ಜುಲೈ 29ರಂದು ಮುಚ್ಚಿತು. ಸೋನಿಯದ್ದು ಮಾತ್ರ ನಾಟಕೀಯ: ಪ್ಲೇಸ್ಟೇಷನ್ 3 ಮತ್ತು ವೀಟಾ ಎಂಬ ಕೈಯಂತ್ರದ ಅಂಗಡಿಗಳನ್ನು ಮುಚ್ಚುವುದಾಗಿ 2021ರ ಮಾರ್ಚ್‌ನಲ್ಲಿ ಸಾರಿ, ಆಟಗಾರರು ಎದ್ದು ನಿಂತ ಮೇಲೆ ಏಪ್ರಿಲ್‌ನಲ್ಲಿ ‘ನಮ್ಮ ತೀರ್ಮಾನ ತಪ್ಪಾಗಿತ್ತು’ ಎಂದು ಒಪ್ಪಿಕೊಂಡು ಹಿಂದೆ ಸರಿಯಿತು. ಆದರೆ ಅದೇ ವರ್ಷದ ಅಕ್ಟೋಬರ್‌ನಿಂದ ಆ ಯಂತ್ರಗಳಲ್ಲಿ ಕಾರ್ಡ್ ಬಳಸಿ ನೇರವಾಗಿ ಹಣ ಕೊಡುವುದನ್ನು ನಿಲ್ಲಿಸಿತು. ಬೇರೆ ಕಡೆಯಿಂದ ಖಾತೆಗೆ ಹಣ ತುಂಬಿ ಬಳಸಬೇಕು. ಬಾಗಿಲು ತೆರೆದಿದೆ, ಆದರೆ ಮೆಟ್ಟಿಲು ಹಿತ್ತಿಲ ಕಡೆಗೆ.

ನಮ್ಮ ಜಿಲ್ಲೆಯವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಮನೆಮನೆಗೂ ಕೊಲ್ಲಿಯ ನಂಟು. ಯಂತ್ರವೂ ಅಲ್ಲಿಯದು, ಅದರಲ್ಲಿ ತೆರೆದ ಖಾತೆಯೂ ಅಲ್ಲಿಯದು. ಪ್ಲೇಸ್ಟೇಷನ್ ಖಾತೆಯ ದೇಶವನ್ನು ಆಮೇಲೆ ಬದಲಿಸಲು ಬಾರದು. ಯುಎಇ ಖಾತೆಗೆ ಭಾರತದ ರೂಪಾಯಿ ಕಾರ್ಡು ಹತ್ತುವುದಿಲ್ಲ. ನಿಂಟೆಂಡೊವಂತೂ ಭಾರತದಲ್ಲಿ ಸ್ವತಃ ವ್ಯಾಪಾರಕ್ಕೆ ಇಳಿದಿರಲಿಲ್ಲ. ಹೀಗಾಗಿ ಅಂಗಡಿ ಮುಚ್ಚುವ ಸುದ್ದಿ ಬಂದಾಗ ‘ಬೇಗ ಕೊಂಡುಕೊಳ್ಳಿ’ ಎಂಬ ಸಲಹೆ ನಮ್ಮವರಲ್ಲಿ ಹಲವರಿಗೆ ನಡೆಯದ ಮಾತು.

ಅಂಗಡಿ ಮುಚ್ಚಿದರೂ ಮೊದಲು ಕೊಂಡ ಆಟಗಳನ್ನು ಮತ್ತೆ ಇಳಿಸಿಕೊಳ್ಳಲು ಸದ್ಯಕ್ಕೆ ಮೂರೂ ಕಂಪನಿಗಳು ಬಿಟ್ಟಿವೆ. ‘ಸದ್ಯಕ್ಕೆ’ ಎಂಬ ಪದವನ್ನು ಕರಾವಳಿಯವರು ಚೆನ್ನಾಗಿ ಅರ್ಥ ಮಾಡಿಕೊಳ್ಳಬಲ್ಲರು. ನಮ್ಮಲ್ಲಿ ಹಿಂದೆ ಮೂಲಗೇಣಿ, ಚಾಲಗೇಣಿ ಎಂದಿತ್ತು. ಮೂಲಗೇಣಿಯವನನ್ನು ಒಡೆಯ ಎಬ್ಬಿಸುವಂತಿಲ್ಲ, ಮಕ್ಕಳು ಮೊಮ್ಮಕ್ಕಳವರೆಗೂ ಭೂಮಿ ಅವನ ಕೈಯಲ್ಲೇ. ಚಾಲಗೇಣಿಯವನು ಒಡೆಯನ ಮರ್ಜಿ ಇರುವಷ್ಟು ದಿನ. ಡಿಸ್ಕ್ ಕೊಂಡರೆ ಅದು ಹೆಚ್ಚುಕಡಿಮೆ ಮೂಲಗೇಣಿ. ಆನ್‌ಲೈನ್ ಅಂಗಡಿಯಲ್ಲಿ ‘ಖರೀದಿಸಿ’ ಎಂಬ ಗುಂಡಿ ಒತ್ತಿದಾಗ ನಮಗೆ ಸಿಗುವುದು ಆಡಲು ಅನುಮತಿ, ಅದೂ ಹಿಂದಕ್ಕೆ ಪಡೆಯಬಹುದಾದದ್ದು, ಅಪ್ಪಟ ಚಾಲಗೇಣಿ. ಪೂರ್ತಿ ಬೆಲೆ ತೆಗೆದುಕೊಂಡು ಗೇಣಿಚೀಟಿ ಕೊಡುವ ಈ ಪದ್ಧತಿಗೆ ಕ್ಯಾಲಿಫೋರ್ನಿಯ 2025ರ ಜನವರಿಯಿಂದ ಒಂದು ಸಣ್ಣ ಕಡಿವಾಣ ಹಾಕಿದೆ: ಕೊಡುತ್ತಿರುವುದು ಬರೀ ಪರವಾನಗಿ ಎಂದು ಸ್ಪಷ್ಟವಾಗಿ ಹೇಳದೆ ‘ಖರೀದಿ’ ಎಂಬ ಪದ ಬಳಸುವಂತಿಲ್ಲ. ಉಳುವವನೇ ಹೊಲದೊಡೆಯ ಎಂದ 1974ರ ಭೂಸುಧಾರಣೆಯನ್ನು ಕಂಡ ನಾಡಿನವನಿಗೆ ಇದು ತೀರಾ ಕಡಿಮೆ ಎನಿಸುತ್ತದೆ. ಇರಲಿ.

ಕೂಡಿ ಆಡುವ ಸರ್ವರ್‌ಗಳ ವಿಷಯಕ್ಕೆ ಬಂದರೆ ನನಗೆ ನೆನಪಾಗುವುದು ಪತ್ತನಾಜೆ. ತುಳುವರ ಬೇಷ ತಿಂಗಳ ಹತ್ತನೆಯ ದಿನ, ಅಂದರೆ ಮೇ ತಿಂಗಳ ಕೊನೆಯ ಹೊತ್ತಿಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ದಿನ ಮೊದಲೇ ಗೊತ್ತು, ಯಾರಿಗೂ ಬೇಸರವಿಲ್ಲ, ಏಕೆಂದರೆ ಮಳೆ ಕಳೆದು ದೀಪಾವಳಿ ಬಂದ ಮೇಲೆ ಮತ್ತೆ ಚೆಂಡೆ ಕೇಳುತ್ತದೆ. ಸರ್ವರ್‌ಗಳ ಪತ್ತನಾಜೆಗೆ ದೀಪಾವಳಿ ಇಲ್ಲ. ಮೊದಲ ಎಕ್ಸ್‌ಬಾಕ್ಸಿನ ಆನ್‌ಲೈನ್ ಸೇವೆಯನ್ನು ಮೈಕ್ರೋಸಾಫ್ಟ್ 2010ರ ಏಪ್ರಿಲ್ 15ರಂದು ನಿಲ್ಲಿಸಿದಾಗ, ಹೇಲೊ 2 ಆಡುತ್ತಿದ್ದ ಕೆಲವರು ಗೆಜ್ಜೆ ಬಿಚ್ಚಲು ಒಪ್ಪಲಿಲ್ಲ. ಹೊರಗೆ ಬಂದರೆ ಮತ್ತೆ ಪ್ರವೇಶವಿಲ್ಲ. ಆದರೆ ಒಳಗಿರುವವರನ್ನು ಹೊರದಬ್ಬುವ ಏರ್ಪಾಡೂ ಇರಲಿಲ್ಲ. ಯಂತ್ರ ಆರಿಸದೆ, ನಿದ್ದೆಗೂ ಯಂತ್ರ ಹಚ್ಚಿಟ್ಟೇ ಹೋಗಿ ಅವರು ಆಡುತ್ತಲೇ ಇದ್ದರು. ಒಬ್ಬೊಬ್ಬರ ಯಂತ್ರ ಬಿಸಿಯೇರಿ, ಸಂಪರ್ಕ ತಪ್ಪಿ ಬಿದ್ದುಹೋಗುತ್ತ ಬಂದು, ಮೇ ತಿಂಗಳಲ್ಲಿ ಕೊನೆಯವನೂ ಹೊರಬಿದ್ದ. ಮೆಸ್ಕಾಂ ಕರೆಂಟು ನಂಬಿದ ನಮ್ಮ ಊರಿನಲ್ಲಿ, ಅದೂ ಮೇ ತಿಂಗಳ ಸಿಡಿಲಿನಲ್ಲಿ, ಈ ಸಾಹಸ ಒಂದು ಸಂಜೆಯನ್ನೂ ದಾಟುತ್ತಿರಲಿಲ್ಲ.

ಸರ್ವರ್‌ಗಳನ್ನು ಕಂಪನಿ ಶಾಶ್ವತವಾಗಿ ನಡೆಸಬೇಕೆಂದು ಕೇಳುವುದು ಅತಿಯಾಸೆ. ಹತ್ತು ಮಂದಿ ಆಡುವ ಆಟಕ್ಕೆ ಕರೆಂಟು, ಕಾವಲು, ಕೆಲಸಗಾರರು ಎಂದು ಯಾರು ಖರ್ಚು ಮಾಡುತ್ತಾರೆ? ಆದರೆ ಖರ್ಚು ಮಾಡುವವರು ಕೆಲವೊಮ್ಮೆ ಇದ್ದಾರೆ. ನಿಂಟೆಂಡೊ ತನ್ನ ವೀ ಎಂಬ ಹಳೆಯ ಕನ್ಸೋಲಿನ ಕಾಲದ ಆನ್‌ಲೈನ್ ಸೇವೆಯನ್ನು 2014ರ ಮೇ 20ರಂದು ನಿಲ್ಲಿಸುವ ಹೊತ್ತಿಗೆ ಅಭಿಮಾನಿಗಳು ವಿಮ್‌ಫೈ ಎಂಬ ಬದಲಿ ಸರ್ವರ್ ಕಟ್ಟಿಕೊಂಡರು. 3ಡಿಎಸ್ ಮತ್ತು ವೀ ಯು ಸೇವೆ 2024ರ ಏಪ್ರಿಲ್‌ನಲ್ಲಿ ನಿಂತಾಗ ಪ್ರಿಟೆಂಡೊ ಎಂಬ ಇನ್ನೊಂದು ಸಿದ್ಧವಾಗುತ್ತಿತ್ತು. ಹೆಸರಿನ ಚೇಷ್ಟೆ ನೋಡಿ! ಮೇಳ ನಿಂತರೂ ಊರವರು ಸೇರಿ ತಾಳಮದ್ದಳೆ ನಡೆಸಿದ ಹಾಗೆ.

ನಿಜಕ್ಕೂ ಕೋಪ ಬರಿಸುವುದು ಒಬ್ಬನೇ ಆಡುವ ಆಟವನ್ನೂ ಸರ್ವರ್‌ಗೆ ಕಟ್ಟಿಹಾಕುವುದು. ಯೂಬಿಸಾಫ್ಟ್ ಕಂಪನಿಯ 2014ರ ಕಾರು ಓಟದ ಆಟ ‘ದಿ ಕ್ರೂ’ ಹಾಗಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದ ಮೇಲೆ ಡಿಸ್ಕ್ ಕೈಯಲ್ಲಿದ್ದವನಿಗೂ ಆಟವಿಲ್ಲ. ಇದರಿಂದ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಯುರೋಪಿನಲ್ಲಿ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿತು. ಅವರ ಬೇಡಿಕೆಯನ್ನು ಹಲವರು ತಪ್ಪಾಗಿ ತಿಳಿದಿದ್ದಾರೆ. ಸರ್ವರ್ ನಡೆಸಿ ಎಂದು ಅವರು ಕೇಳುತ್ತಿಲ್ಲ. ನಿಲ್ಲಿಸುವಾಗ ಆಟವನ್ನು ಆಡಬಹುದಾದ ಸ್ಥಿತಿಯಲ್ಲಿ ಬಿಟ್ಟು ಹೋಗಿ ಎನ್ನುತ್ತಿದ್ದಾರೆ.

ಕೊನೆಯ ಕೆಲಸ ಹಳೆಯ ಆಟವನ್ನು ಹೊಸ ಯಂತ್ರದಲ್ಲಿ ಓಡಿಸುವುದು. ಇದು ಗುಂಡಿ ಒತ್ತಿದಷ್ಟು ಸುಲಭವೆಂದು ಹುಡುಗರು ನಂಬಿದ್ದಾರೆ. ನಮ್ಮೂರಿನ ಬಸ್ಸನ್ನೇ ನೆನಪಿಸಿಕೊಳ್ಳಿ: ಕೊಂಕಣಿ ಮಾತ್ರ ಬಲ್ಲ ಅಜ್ಜಿ, ತುಳು ಮಾತ್ರ ಬಲ್ಲ ಕಂಡಕ್ಟರ್, ನಡುವೆ ಎರಡೂ ಬಲ್ಲ ಒಬ್ಬ ಪ್ರಯಾಣಿಕ. ಅವನು ಹೇಳಿದ್ದನ್ನು ಕೇಳಿ, ಅರ್ಥ ಮಾಡಿಕೊಂಡು, ಇನ್ನೊಂದು ಭಾಷೆಯಲ್ಲಿ ಹೇಳಬೇಕು. ಎಮ್ಯುಲೇಟರ್ ಎಂಬ ತಂತ್ರಾಂಶ ಮಾಡುವುದು ಇದನ್ನೇ. ಹಳೆಯ ಪ್ರೊಸೆಸರಿನ ಒಂದೊಂದು ಆಜ್ಞೆಯನ್ನೂ ಹೊಸ ಪ್ರೊಸೆಸರಿನ ಭಾಷೆಗೆ, ಆಟ ಓಡುತ್ತಿರುವಾಗಲೇ ತಿರುಗಿಸುತ್ತದೆ. ತಡವಾದರೆ ಆಟ ಮುಗ್ಗರಿಸುತ್ತದೆ. ಆದ್ದರಿಂದ ಹೊಸ ಯಂತ್ರ ಹಳೆಯದಕ್ಕಿಂತ ಹಲವು ಪಟ್ಟು ಚುರುಕಾಗಿರಬೇಕು.

ಪ್ಲೇಸ್ಟೇಷನ್ 3ರ ಸೆಲ್ ಎಂಬ ಪ್ರೊಸೆಸರ್ ಈ ದುಭಾಷಿಗಳ ಪಾಲಿಗೆ ದುಃಸ್ವಪ್ನ. ಅದರಲ್ಲಿ ಒಬ್ಬ ಯಜಮಾನ, ಎಂಟು ಸಹಾಯಕರು. ಎಂಟರಲ್ಲಿ ಒಂದನ್ನು ಕಾರ್ಖಾನೆಯಲ್ಲೇ ಮುಚ್ಚಿ, ಒಂದನ್ನು ಯಂತ್ರದ ಸ್ವಂತ ಕೆಲಸಕ್ಕೆ ಇಟ್ಟುಕೊಂಡು, ಆರನ್ನು ಆಟಕ್ಕೆ ಬಿಟ್ಟಿತ್ತು ಸೋನಿ. ಅಂದರೆ ಬಸ್ಸಿನಲ್ಲಿ ಏಳು ಮಂದಿ ಒಟ್ಟಿಗೆ ಬೇರೆ ಬೇರೆ ಮಾತಾಡುವುದನ್ನು ಒಬ್ಬನೇ ಅನುವಾದಿಸಬೇಕು. ಹಾಗಾಗಿ ಸೋನಿ ಆ ಆಟಗಳನ್ನು ಪ್ಲೇಸ್ಟೇಷನ್ 5ರಲ್ಲಿ ನೇರವಾಗಿ ಓಡಿಸುವ ಗೋಜಿಗೆ ಹೋಗದೆ, ದೂರದ ಕಂಪ್ಯೂಟರಿನಿಂದ ವಿಡಿಯೊದಂತೆ ಹರಿಸುವ ಸೇವೆ ಕೊಟ್ಟಿತು. 2022ರಲ್ಲಿ ಹೊಸ ಚಂದಾ ಶ್ರೇಣಿಗಳನ್ನು ತಂದಾಗ ಭಾರತಕ್ಕೆ ಸಿಕ್ಕಿದ್ದು ಆ ಸೇವೆಯಿಲ್ಲದ ‘ಡಿಲಕ್ಸ್’. ಅದೇ ಪ್ಲೇಸ್ಟೇಷನ್ 4ರಿಂದ 5ಕ್ಕೆ ಬರುವುದು ಮಂಗಳೂರಿನ ತುಳುವಿನಿಂದ ಉಡುಪಿಯ ತುಳುವಿಗೆ ಬಂದಷ್ಟು ಹತ್ತಿರ. ಎರಡಕ್ಕೂ ಒಂದೇ ಕುಲದ ಎಎಂಡಿ ಪ್ರೊಸೆಸರ್. 4,000ಕ್ಕೂ ಮೀರಿದ ಆಟಗಳಲ್ಲಿ ಶೇ 99ಕ್ಕಿಂತ ಹೆಚ್ಚು ಓಡುತ್ತವೆ ಎಂದು ಸೋನಿ ಹೇಳಿದ್ದು ಅದಕ್ಕೇ.

ಅನುವಾದದ ಕಷ್ಟವನ್ನು ಗೆದ್ದವರೂ ಬೇರೊಂದು ಗೋಡೆಗೆ ಬಡಿದಿದ್ದಾರೆ. ಮೈಕ್ರೋಸಾಫ್ಟ್ 2015ರಿಂದ ಹಿಡಿದು ಆರು ವರ್ಷ ಕೂತು 600ಕ್ಕೂ ಹೆಚ್ಚು ಹಳೆಯ ಆಟಗಳನ್ನು ಹೊಸ ಎಕ್ಸ್‌ಬಾಕ್ಸ್‌ಗಳಿಗೆ ತಂದಿತು. ಈ ಮೂವರಲ್ಲಿ ಈ ಕೆಲಸವನ್ನು ಇಷ್ಟು ಶ್ರದ್ಧೆಯಿಂದ ಮಾಡಿದವರು ಅವರೇ. ಆದರೆ 2021ರ ನವೆಂಬರ್‌ನಲ್ಲಿ ಕೊನೆಯ ಕಂತು ಬಿಟ್ಟು, ಇನ್ನು ಮುಂದಕ್ಕೆ ಪರವಾನಗಿ, ಕಾನೂನು ಮತ್ತು ತಾಂತ್ರಿಕ ಮಿತಿಗಳು ಅಡ್ಡ ಬರುತ್ತವೆ ಎಂದಿತು. ಆಟದೊಳಗಿನ ಹಾಡಿಗೆ ಒಬ್ಬ ಒಡೆಯ, ಕಾರಿನ ಹೆಸರಿಗೆ ಇನ್ನೊಬ್ಬ, ಆಟ ಮಾಡಿದ ಕಂಪನಿ ಮುಳುಗಿ ಹಕ್ಕು ಯಾರ ಕಪಾಟಿನಲ್ಲಿದೆಯೋ ಗೊತ್ತಿಲ್ಲ. ಪಾಲಾಗದ ಕುಟುಂಬದ ಆಸ್ತಿ ಮಾರಲು ಹೊರಟವರಿಗೆ ಈ ಸಂಕಟ ಗೊತ್ತು. ಮುಂಬಯಿಯಲ್ಲಿರುವ ಒಬ್ಬ ದಾಯಾದಿ ಸಹಿ ಹಾಕದಿದ್ದರೆ ಮುಗಿಯಿತು. ಮೈಕ್ರೋಸಾಫ್ಟಿನದೇ ಕಾರು ಓಟದ ಆಟ ಫೋರ್ಜಾ ಹೊರೈಜನ್ 4 ಪರವಾನಗಿಗಳ ಅವಧಿ ಮುಗಿಯಿತೆಂದು 2024ರ ಡಿಸೆಂಬರ್‌ನಲ್ಲಿ ಮಾರಾಟದಿಂದಲೇ ಹೊರಬಿತ್ತು.

ಇದರ ಒಟ್ಟು ಪರಿಣಾಮವನ್ನು ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಅಳೆದು ನೋಡಿತು: ಅಲ್ಲಿ 2010ಕ್ಕೆ ಮುಂಚೆ ಬಂದ ಆಟಗಳಲ್ಲಿ ಶೇ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಸಂಶೋಧಕರಿಗಾದರೂ ಗ್ರಂಥಾಲಯಗಳು ಇವನ್ನು ದೂರದಿಂದ ತೆರೆದು ತೋರಿಸಲು ಬಿಡಿ ಎಂದು ಕೇಳಿದರೆ ಅಮೆರಿಕದ ಕೃತಿಸ್ವಾಮ್ಯ ಕಚೇರಿ 2024ರ ಅಕ್ಟೋಬರ್‌ನಲ್ಲಿ ಒಪ್ಪಲಿಲ್ಲ. ನಾವೂ ಮಾರುವುದಿಲ್ಲ, ನೀವೂ ಇಟ್ಟುಕೊಳ್ಳಬೇಡಿ ಎಂಬ ಧೋರಣೆ ಇದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಈ ಮಟ್ಟಿಗೆ ಉದಾರ: ಕಾನೂನುಬದ್ಧವಾಗಿ ಪಡೆದ ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ಹಾಳಾಗದಂತೆ ಕಾಪಿಡಲು ಮತ್ತು ಲಾಭದ ಉದ್ದೇಶವಿಲ್ಲದ ಸ್ವಂತ ಬಳಕೆಗೆ ನಕಲು ಮಾಡಿಕೊಳ್ಳಲು ಅದು ಅವಕಾಶ ಕೊಡುತ್ತದೆ. ಅಂತರ್ಜಾಲದಿಂದ ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳಲು ಅದು ಪರವಾನಗಿ ಅಲ್ಲ ಎಂಬುದನ್ನು ಹುಡುಗನಿಗೂ ಹೇಳಿದ್ದೇನೆ.

ಹಾಗಾದರೆ ಕಂಪನಿಗಳು ಬೆಂಬಲ ಮುಂದುವರಿಸಬೇಕೇ? ರಿಪೇರಿ, ಸರ್ವರ್‌ಗಳ ವಿಷಯದಲ್ಲಿ ‘ಒಂದು ಅವಧಿಯವರೆಗೆ, ಆ ಅವಧಿಯನ್ನು ಕೊಳ್ಳುವಾಗಲೇ ಡಬ್ಬಿಯ ಮೇಲೆ ಬರೆದು’ ಎನ್ನುತ್ತೇನೆ. ಹೊಸ ಯಂತ್ರದಲ್ಲಿ ಹಳೆಯ ಆಟ ಓಡಿಸುವುದು ಅವರ ವ್ಯಾಪಾರದ ಜಾಣ್ಮೆಗೆ ಬಿಟ್ಟದ್ದು. ಹಳೆಯದನ್ನೇ ಬಣ್ಣ ಬಳಿದು ಮತ್ತೊಮ್ಮೆ ಪೂರ್ತಿ ಬೆಲೆಗೆ ಮಾರುವ ಚಪಲ ಇರುವವರೆಗೆ ಅದು ಅರೆಮನಸ್ಸಿನಿಂದಲೇ ನಡೆಯುತ್ತದೆ. ಆದರೆ ಹೊರಟುಹೋಗುವ ದಿನ ಒಂದು ಕೆಲಸ ಮಾಡಿ ಹೋಗಲೇಬೇಕು: ನಮ್ಮನ್ನು ಕೇಳದೆ ನಡೆ ಎಂದು ಯಂತ್ರಕ್ಕೆ ಹೇಳುವ ಕೊನೆಯದೊಂದು ಅಪ್‌ಡೇಟ್. ಬ್ಯಾಟರಿ ಸತ್ತರೂ, ಖಾತೆ ಮರೆತರೂ, ಸರ್ವರ್ ಇಲ್ಲದಿದ್ದರೂ ಕೊಂಡ ಆಟ ತೆರೆಯುವಂತಿರಬೇಕು. ಹಂಪನಕಟ್ಟೆಯ ನಕಲಿ ಪೆಟ್ಟಿಗೆಗೆ ಯಾರೂ ಒಂದು ದಿನವೂ ಬೆಂಬಲ ಕೊಟ್ಟವರಿಲ್ಲ. ಅದಕ್ಕೆ ಬೇಕಾಗಿಯೂ ಇರಲಿಲ್ಲ. ಹುಡುಗನ ಪ್ರಶ್ನೆಗೆ ನನ್ನ ಉತ್ತರ ಅಷ್ಟೇ.

ಚಿಕ್ಕಪ್ಪನ ಖಾತೆ ಕೊನೆಗೂ ತೆರೆಯಿತು. ಆಗಿನ ಪಾಸ್‌ಪೋರ್ಟ್ ಸಂಖ್ಯೆಯನ್ನೂ ಚಿಕ್ಕಮ್ಮನ ಜನ್ಮದಿನವನ್ನೂ ಸೇರಿಸಿ ಕಟ್ಟಿದ್ದ ಪಾಸ್‌ವರ್ಡ್ ಅವರಿಗೆ ಒಂದು ಬೆಳಿಗ್ಗೆ ಕಾಫಿ ಕುಡಿಯುವಾಗ ನೆನಪಾಯಿತಂತೆ. ಹುಡುಗ ಮೂರು ರಾತ್ರಿ ಕೂತು, ಕೊಂಡಿದ್ದ ಹದಿನಾಲ್ಕು ಆಟಗಳನ್ನೂ ಮತ್ತೆ ಇಳಿಸಿಕೊಂಡ. ಬ್ಯಾಟರಿ ಬದಲಿಸಿದ ದಿನಾಂಕ, ಖಾತೆಯ ಹೆಸರು, ಹೊಸ ಇಮೇಲ್ ಎಲ್ಲವನ್ನೂ ಹಳೆಯ ಮದುವೆ ಕಾಗದವೊಂದರ ಹಿಂಬದಿಯಲ್ಲಿ ಬರೆದು ಯಂತ್ರದ ಅಡಿಗೆ ಅಂಟಿಸಿದ್ದಾನೆ. ಈಗ ಅದು ಅಟ್ಟದಲ್ಲಿಲ್ಲ, ಕಬ್ಬಿಣದ ಕಪಾಟಿನಲ್ಲಿ, ಶೂ ಡಬ್ಬಿಗಳಿಂದ ಕೂಡಿಹಾಕಿದ ಸಿಲಿಕಾ ಪೊಟ್ಟಣಗಳ ನಡುವೆ ಇದೆ. ತಿಂಗಳ ಮೊದಲ ಮತ್ತು ಮೂರನೆಯ ಭಾನುವಾರ ಅದನ್ನು ಹೊರತೆಗೆದು ಒಂದು ಗಂಟೆ ಬಿಸಿ ಮಾಡುವುದು ಅವನ ಪಾಲಿನ ಕೆಲಸ. ಒಂದು ಗಂಟೆ ಎಂದದ್ದು ನಾನು. ಮೊನ್ನೆಯ ಭಾನುವಾರ ಅಕ್ಕ ಊಟಕ್ಕೆ ನಾಲ್ಕು ಸಲ ಕರೆದಳು.